ಎದುರಾಳಿಗೆ ಪಕ್ಕದ ಆಸನ

ಚುನಾವಣೆಯೆಂದರೆ ಎರಡು ಪಕ್ಷಗಳ ನಡುವಣ ಹೋರಾಟವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅದಕ್ಕೂ ಮೊದಲು ಇನ್ನೊಂದು ಹೋರಾಟ ನಡೆಯುತ್ತದೆ. ಒಂದೇ ಪಕ್ಷದ ಹಲವರು ಅಧ್ಯಕ್ಷ ಪದವಿಯ ಆಕಾಂಕ್ಷಿಗಳಾಗಿ ನಿಂತು, ರಾಜ್ಯ ರಾಜ್ಯದಲ್ಲಿಯೂ ಮತದಾರರ ಮುಂದೆ ಪರಸ್ಪರರನ್ನು ಖಂಡಿಸುತ್ತಾ ತಿಂಗಳುಗಟ್ಟಲೆ ಸೆಣಸುತ್ತಾರೆ. ಇದಕ್ಕೆ ಪ್ರಾಥಮಿಕ ಚುನಾವಣೆ ಎಂದು ಹೆಸರು. ಹೊರಗಿನವರ ಜಗಳಕ್ಕಿಂತ ಮನೆಯೊಳಗಿನ ಜಗಳವೇ ಹೆಚ್ಚು ನೋಯಿಸುತ್ತದೆಂಬುದನ್ನು ಸಂಸಾರಸ್ಥರಾದ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಈ ಜಗಳದಲ್ಲಿ ಗೆದ್ದವನು ತನ್ನೊಡನೆ ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಲು ಒಬ್ಬರನ್ನು ಆರಿಸಿಕೊಳ್ಳಬೇಕು. ನಿನ್ನೆಯವರೆಗೆ ತನ್ನನ್ನು ಹಳಿದವನನ್ನೇ ಆರಿಸುವುದೋ, ತನಗೆ ನಿಷ್ಠನಾಗಿದ್ದವನನ್ನು ಆರಿಸುವುದೋ? ಈ ಪ್ರಶ್ನೆ ಅಲ್ಲಿಯ ರಾಜಕಾರಣದಲ್ಲಿ ಮತ್ತೆ ಮತ್ತೆ ಎದ್ದು ಬಂದಿದೆ.

ಆ ಸ್ಥಾನದ ಗುರುತ್ವವನ್ನು ಮೊದಲು ಮನಗಾಣಬೇಕು. ನಮ್ಮಲ್ಲಿ ಉಪರಾಷ್ಟ್ರಪತಿಗಳನ್ನು ಸಂಸತ್ತಿನ ಸದಸ್ಯರು ಪ್ರತ್ಯೇಕವಾಗಿ ಚುನಾಯಿಸುತ್ತಾರೆ. ರಾಷ್ಟ್ರಪತಿಗಳು ಕಾಲವಶರಾದರೆ ಉಪರಾಷ್ಟ್ರಪತಿಗಳು ಹೊಸ ಚುನಾವಣೆಯವರೆಗೆ ಮಾತ್ರ ಆ ಕಾರ್ಯವನ್ನು ನಿರ್ವಹಿಸುತ್ತಾರೆ. ಆ ಚುನಾವಣೆ 6 ತಿಂಗಳೊಳಗೆ ನಡೆಯಬೇಕು. ಅಮೆರಿಕದಲ್ಲಾದರೋ ಇಬ್ಬರಿಗೂ ಸೇರಿ ಒಂದೇ ಮತ. ಅಧ್ಯಕ್ಷನ ಸ್ಥಾನ ತೆರವಾದರೆ ಉಪಾಧ್ಯಕ್ಷನೇ ಉಳಿದ ಅವಧಿಗೆ ಪೂರ್ಣ ಅಧ್ಯಕ್ಷ. ಅಲ್ಲಿಯ ಇತಿಹಾಸದಲ್ಲಿ 9 ಉಪಾಧ್ಯಕ್ಷರು ಹೀಗೆ ಅವಧಿಯ ನಡುವೆ ಅಧ್ಯಕ್ಷರಾಗಿದ್ದಾರೆ. 8 ಸಲ ಮರಣದಿಂದ, ಒಂದು ಸಲ ರಾಜೀನಾಮೆಯಿಂದ. ಆದುದರಿಂದ ಪಕ್ಷದ ಬಿರುಕಿಗೆ ತೇಪೆ ಹಾಕಲು ಯಾರನ್ನೋ ಒಬ್ಬರನ್ನು ತಂದು ಕೂರಿಸಿದರೆ ಸಾಲದು. ಕೂತವರು ನಾಳೆ ರಾಷ್ಟ್ರಭಾರವನ್ನು ಹೊರಬಲ್ಲವರಾಗಿರಬೇಕು.

ಇದಕ್ಕೆ 1980ರ ವೃತ್ತಾಂತ ಉತ್ತಮ ನಿದರ್ಶನ. ರಿಪಬ್ಲಿಕನ್ ಪಕ್ಷದಲ್ಲಿ ರೊನಾಲ್ಡ್ ರೇಗನ್ ಮತ್ತು ಜಾರ್ಜ್ ಬುಷ್ ಮುಖ್ಯ ಸ್ಪರ್ಧಿಗಳು. ಜನವರಿಯಲ್ಲಿ ಅಯೋವಾ ರಾಜ್ಯದಲ್ಲಿ ಬುಷ್ ಗೆದ್ದು ಎಲ್ಲರನ್ನೂ ಬೆರಗುಗೊಳಿಸಿದರು. ಫೆಬ್ರವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯಾಶುವಾ ಊರಿನಲ್ಲಿ ಇಬ್ಬರ ಚರ್ಚೆ ಏರ್ಪಟ್ಟಿತು. ಉಳಿದ ಸ್ಪರ್ಧಿಗಳಿಗೂ ಅವಕಾಶ ಬೇಕೆಂದು ರೇಗನ್ ವಾದಿಸಿದಾಗ ನಿರ್ವಾಹಕರು ಅವರ ಧ್ವನಿವರ್ಧಕವನ್ನು ನಿಲ್ಲಿಸಲು ಹೇಳಿದರು. ಅದರ ಖರ್ಚು ತಮ್ಮದೆಂದು ರೇಗನ್ ಗುಡುಗಿದರು. ಬುಷ್ ಸುಮ್ಮನೆ ಕುಳಿತಿದ್ದರು. ಆ ರಾಜ್ಯದಲ್ಲಿ ರೇಗನ್ ಗೆದ್ದರು. ಏಪ್ರಿಲ್‌ನಲ್ಲಿ ಬುಷ್, ತೆರಿಗೆ ಇಳಿಸಿಯೂ ಆಯವ್ಯಯವನ್ನು ಸರಿದೂಗಿಸುವೆನೆಂಬ ರೇಗನ್ನರ ಅರ್ಥನೀತಿಯನ್ನು ಮಾಟಮಂತ್ರವೆಂದು ಹಾಸ್ಯಮಾಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯಂತೆ ಆ ಒಂದು ಮಾತು ಬಹುಕಾಲ ಬುಷ್ ಅವರ ಬೆನ್ನು ಬಿಡಲಿಲ್ಲ.

ಜುಲೈನಲ್ಲಿ ಡೆಟ್ರಾಯಿಟ್ ನಗರದಲ್ಲಿ ಪಕ್ಷದ ಮಹಾಧಿವೇಶನ ಸೇರಿತು. ರೇಗನ್ನರ ದೃಷ್ಟಿ ಮೊದಲು ಹರಿದದ್ದು ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರತ್ತ. 1976ರಲ್ಲಿ ಇದೇ ಫೋರ್ಡ್ ಅವರೊಡನೆ ಸೆಣಸಿ ರೇಗನ್ 1187ಕ್ಕೆ 1070 ಪ್ರತಿನಿಧಿಗಳ ಅಂತರದಲ್ಲಿ ಸೋತಿದ್ದರು. ಆದರೆ ಫೋರ್ಡ್ ಅವರ ಕಡೆಯವರು ಅಧಿಕಾರದಲ್ಲಿ ದೊಡ್ಡ ಪಾಲನ್ನು ಕೇಳತೊಡಗಿದರು. ದೂರದರ್ಶನದ ಸಂದರ್ಶನದಲ್ಲಿ ಇಬ್ಬರು ಅಧ್ಯಕ್ಷರ ಆಡಳಿತವೆಂಬ ಮಾತೂ ಬಂದುಹೋಯಿತು. ಒಂದೇ ಒರೆಯಲ್ಲಿ ಎರಡು ಕತ್ತಿಗಳಿಗೆ ಎಡೆಯೆಲ್ಲಿ? ಆ ಸಂಧಾನ ಮುರಿಯಿತು. ಅದೇ ರಾತ್ರಿ, ನಡುರಾತ್ರಿ ಸಮೀಪಿಸಿದಾಗ, ರೇಗನ್ ದೂರವಾಣಿಯಲ್ಲಿ ಬುಷ್ ಅವರನ್ನು ಕರೆದರು. ಅವರು ಮುಖ್ಯವಾಗಿ ಕೇಳಿದ್ದು ಇಷ್ಟೇ: ಪಕ್ಷದ ಪ್ರಣಾಳಿಕೆಯನ್ನು ಮನಃಪೂರ್ವಕವಾಗಿ ಬೆಂಬಲಿಸುವಿರಾ? ಹಳೆಯ ಮಾತುಗಳಿಗೆ ಕ್ಷಮೆ ಬೇಡಲಿಲ್ಲ, ಲೆಕ್ಕ ಕೇಳಲಿಲ್ಲ. ಬುಷ್ ಒಪ್ಪಿದರು.

ಅದೇ ವರ್ಷ ಎದುರು ಪಕ್ಷದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರನ್ನು ಎಡ್ವರ್ಡ್ ಕೆನಡಿ ಎದುರಿಸಿ ಸೋತಿದ್ದರು. ಕಾರ್ಟರ್ ತಮ್ಮ ಉಪಾಧ್ಯಕ್ಷ ವಾಲ್ಟರ್ ಮಾಂಡೇಲ್ ಅವರನ್ನೇ ಉಳಿಸಿಕೊಂಡರು. ಅಧಿವೇಶನದ ಕಡೆಯ ರಾತ್ರಿ ಗೆದ್ದವರೂ ಸೋತವರೂ ಕೈ ಕೈ ಹಿಡಿದು ಮೇಲೆತ್ತುವುದು ಅಲ್ಲಿಯ ವಾಡಿಕೆ. ಕೆನಡಿ ವೇದಿಕೆಗೆ ಬಂದರು, ಕೈ ಕುಲುಕಿದರು. ಆದರೆ ಜನ ಕಾಯುತ್ತಿದ್ದ ಆ ಕೈಯೆತ್ತುವಿಕೆ ಆಗಲಿಲ್ಲ. ನವೆಂಬರ್‌ನಲ್ಲಿ ರೇಗನ್ ಮತ್ತು ಬುಷ್ 489 ಚುನಾಯಕ ಮತಗಳನ್ನು ಪಡೆದರು. ಕಾರ್ಟರ್ ಅವರಿಗೆ ದೊರೆತದ್ದು 49. ಬೆಲೆಯೇರಿಕೆ, ಇರಾನಿನ ಒತ್ತೆಯಾಳುಗಳ ಸಂಕಟ ಮೊದಲಾದ ಕಾರಣಗಳು ಹಲವಿದ್ದವು. ಮನೆಯೊಳಗಿನ ಒಡಕೂ ಅವುಗಳೊಡನೆ ಸೇರಿತು.

ಆಯ್ಕೆ ಒಂದು ರಾತ್ರಿಯ ಕೆಲಸ. ಆರಿಸಿದವರಿಗೆ ಸ್ಥಾನವನ್ನು ಕೊಡುವುದು ನಿತ್ಯದ ಕೆಲಸ. ರೇಗನ್ ಪ್ರತಿ ಗುರುವಾರ ಮಧ್ಯಾಹ್ನ ಬುಷ್ ಅವರೊಡನೆ ಊಟಕ್ಕೆ ಕುಳಿತುಕೊಳ್ಳುವ ಪದ್ಧತಿಯನ್ನು ಇಟ್ಟುಕೊಂಡರು. ಬುಷ್ ಅವರ ಪ್ರಚಾರವನ್ನು ನಡೆಸಿದ್ದ ಜೇಮ್ಸ್ ಬೇಕರ್ ಅವರನ್ನು ತಮ್ಮ ಕಾರ್ಯಾಲಯದ ಮುಖ್ಯಸ್ಥರನ್ನಾಗಿ ಮಾಡಿಕೊಂಡರು. 1981ರ ಮಾರ್ಚ್ 30ರಂದು ರೇಗನ್ನರ ಮೇಲೆ ಗುಂಡು ಹಾರಿದಾಗ ಬುಷ್ ಟೆಕ್ಸಾಸ್ ರಾಜ್ಯದಲ್ಲಿದ್ದರು. ಒಡನೆ ರಾಜಧಾನಿಗೆ ಮರಳಿದರಾದರೂ, ಶ್ವೇತಭವನದ ಅಂಗಳಕ್ಕೆ ನೇರವಾಗಿ ಹೆಲಿಕಾಪ್ಟರಿನಲ್ಲಿ ಇಳಿಯಲು ಒಪ್ಪಲಿಲ್ಲ. ಅದು ಅಧ್ಯಕ್ಷರಿಗೆ ಮಾತ್ರ ಸಲ್ಲುವುದೆಂದರು. ಅಂದಿನ ಸಭೆಯಲ್ಲಿ ಅಧ್ಯಕ್ಷರ ಕುರ್ಚಿಯನ್ನು ಖಾಲಿ ಬಿಟ್ಟು ತಮ್ಮ ಕುರ್ಚಿಯಲ್ಲಿಯೇ ಕುಳಿತರು. ಗೆದ್ದವರ ಔದಾರ್ಯ ಊಟದ ಮೇಜಿನಲ್ಲಿ ತೋರಿತು, ಸೋತವರ ಸಂಯಮ ಆ ಖಾಲಿ ಕುರ್ಚಿಯಲ್ಲಿ ತೋರಿತು.

ಎಲ್ಲ ಜೋಡಿಗಳೂ ಹೀಗೆ ಹೊಂದಲಿಲ್ಲ. 1960ರಲ್ಲಿ ಜಾನ್ ಕೆನಡಿ ತಮ್ಮ ಪ್ರತಿಸ್ಪರ್ಧಿ ಲಿಂಡನ್ ಜಾನ್ಸನ್ ಅವರನ್ನು ಆರಿಸಿದರು. ಜಾನ್ಸನ್ ಅವರ ಕಡೆಯವರು ಕೆನಡಿಯವರ ಕಾಯಿಲೆಯ ವಿಷಯವನ್ನೇ ಬಹಿರಂಗವಾಗಿ ಎತ್ತಿದ್ದರು. ಆದರೂ ಕೆನಡಿ ಕಹಿಯನ್ನು ನುಂಗಿದರು. ಟೆಕ್ಸಾಸ್ ರಾಜ್ಯದ 24 ಚುನಾಯಕ ಮತಗಳು ಬಂದವು. ಗೆದ್ದ ಮೇಲೆ ಜಾನ್ಸನ್ ಅವರನ್ನು ಮುಖ್ಯ ನಿರ್ಧಾರಗಳಿಂದ ದೂರವಿಟ್ಟರು. 1963ರ ನವೆಂಬರ್ 22ರಂದು ಕೆನಡಿ ಹತರಾದಾಗ, ಹಾಗೆ ಮೂಲೆಗೆ ಸರಿಸಲ್ಪಟ್ಟವರ ಹೆಗಲ ಮೇಲೆಯೇ ರಾಷ್ಟ್ರವೆಲ್ಲ ಬಂದಿತು. 1964ರ ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಹಾಕಿದವರು ಅವರೇ.

ಬೇರೆ ದಾರಿಗಳೂ ಉಂಟು. 2008ರಲ್ಲಿ ಬರಾಕ್ ಒಬಾಮ ತಮ್ಮೊಡನೆ ಕಡೆಯವರೆಗೂ ಸೆಣಸಿದ ಹಿಲರಿ ಕ್ಲಿಂಟನ್ ಅವರನ್ನು ಬಿಟ್ಟು ಜೋ ಬೈಡನ್ ಅವರನ್ನು ಆರಿಸಿದರು. ಗೆದ್ದ ಮೇಲೆ ಕ್ಲಿಂಟನ್ ಅವರಿಗೆ ವಿದೇಶಾಂಗ ಖಾತೆಯನ್ನು ವಹಿಸಿದರು. ಬೈಡನ್ 2020ರಲ್ಲಿ, ಹಿಂದಿನ ವರ್ಷದ ಚರ್ಚೆಯಲ್ಲಿ ತಮ್ಮನ್ನು ತೀಕ್ಷ್ಣವಾಗಿ ಪ್ರಶ್ನಿಸಿದ್ದ ಕಮಲಾ ಹ್ಯಾರಿಸ್ ಅವರನ್ನು ಆರಿಸಿ ಗೆದ್ದರು.

ಎದುರಾಳಿಯನ್ನೇ ಆರಿಸಬೇಕೆಂಬ ನಿಯಮವನ್ನು ಈ ವೃತ್ತಾಂತಗಳು ಹೇಳುವುದಿಲ್ಲ. ಅವು ಹೇಳುವುದು ಇಷ್ಟು: ಆರಿಸುವಾಗ ಆಡಿದ ಮಾತನ್ನು ಮರೆಯಬೇಕು, ಹೊರುವ ಶಕ್ತಿಯನ್ನು ಮರೆಯಬಾರದು, ಆರಿಸಿದ ಮೇಲೆ ದೂರ ಇಡಬಾರದು. ಮನೆಯಲ್ಲಿಯೂ, ಊರಿನ ಸಂಘದಲ್ಲಿಯೂ ಜಗಳ ಮುಗಿದ ದಿನ ಕೈ ಕುಲುಕುವವರು ಬಹಳ. ಆ ಮೇಲೆ ವಾರ ವಾರವೂ ಪಕ್ಕದಲ್ಲಿ ಎಲೆ ಹಾಕಿಸುವವರು ಕಡಿಮೆ. ಒಡೆದ ಮನಸ್ಸುಗಳು ಕೂಡುವುದು ಅಂಥವರಿಂದಲೇ ಎಂದು ನಾವು ತಿಳಿದಿದ್ದೇವೆ.