ಗೋಡೆಯ ಮೇಲಿನ ಪಂಡಿತರು



ಕಳೆದ ಬೇಸಿಗೆಯಲ್ಲಿ ಕಮಲಾಪುರದ ನಮ್ಮ ಹಿರಿಯರ ಮನೆಯನ್ನು ದುರಸ್ತಿಗೆಂದು ತೆರವು ಮಾಡುವ ಪ್ರಸಂಗ ಬಂದಿತು. ನಾನು ಕಲಬುರಗಿಯಿಂದ ಹೋಗಿ ತಲುಪುವಷ್ಟರಲ್ಲಿ ಅಂಗಳದಲ್ಲಿ ಹಳೆಯ ಸಾಮಾನುಗಳ ರಾಶಿ ಬಿದ್ದಿತ್ತು. ಅದರ ಮೇಲೆ ಕಟ್ಟು ಹಾಕಿಸಿದ ರಾಧಾಕೃಷ್ಣರ ಚಿತ್ರವೊಂದಿತ್ತು. "ಕಾಕಾ, ಹಳೇ ಕ್ಯಾಲೆಂಡರ್ ಅದರಿ, ಹುಳ ಹಿಡದದ. ರದ್ದಿಗೆ ಹಾಕ್ತೀನ್ರಿ" ಎಂದ ಅಣ್ಣನ ಮಗ. ಮಸಿ ಹಿಡಿದ ಗಾಜನ್ನು ಒರೆಸಿ ನೋಡಿದೆ. ಮೂಲೆಯಲ್ಲಿ ಎಸ್. ಎಂ. ಪಂಡಿತ್ ಎಂಬ ಸಹಿ ಕಂಡಿತು.

ನಿಮ್ಮಲ್ಲಿ ಅನೇಕರು ಕಲಬುರಗಿಯ ಡಾ. ಎಸ್. ಎಂ. ಪಂಡಿತ್ ರಂಗಮಂದಿರದಲ್ಲಿ ಕುಳಿತು ನಾಟಕ ನೋಡಿದ್ದೀರಿ, ಭಾಷಣ ಕೇಳಿದ್ದೀರಿ. ಆ ಪಂಡಿತರು ಯಾರೆಂದು ವಿಚಾರಿಸಿದವರು ಎಷ್ಟು ಜನ? ಅವರು 1916ರಲ್ಲಿ ಇದೇ ಊರಿನಲ್ಲಿ ಜನಿಸಿದರು. ಆಗ ನಮ್ಮ ಗುಲಬರ್ಗಾ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಬಣ್ಣದ ಹುಚ್ಚು ಹಿಡಿದ ಯುವಕ ಮುಂಬಯಿಗೆ ಹೋದ. ಹಾಲಿವುಡ್ ಚಿತ್ರಗಳ ಪ್ರಚಾರ ಫಲಕಗಳನ್ನು ಬರೆದ. 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟಗಳಿಂದ ಹೆಸರಾದ. ಮುಂದೆ ಪುರಾಣದ ಚಿತ್ರಗಳು ಕ್ಯಾಲೆಂಡರುಗಳಾಗಿ ಅಚ್ಚಾಗಿ ದೇಶದ ಅಸಂಖ್ಯ ಮನೆಗಳ ಗೋಡೆಗಳನ್ನೇರಿದವು. ಕಡೆಗೆ ಪಂಡಿತರು ತವರಿಗೆ ಮರಳಿದರು, 1993ರಲ್ಲಿ ತೀರಿಕೊಂಡರು.

ನಮ್ಮ ಮನೆಯ ಚಿತ್ರವೂ ಅದೇ ದಾರಿಯಲ್ಲಿ ಬಂದದ್ದು. ಮುಂಬಯಿಯ ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ ನಮ್ಮ ಸಣ್ಣಜ್ಜ ಅದನ್ನು ಟ್ರಂಕಿನಲ್ಲಿ ಸುತ್ತಿಕೊಂಡು ತಂದಿದ್ದರು. ತಾರೀಖಿನ ಭಾಗವನ್ನು ಕತ್ತರಿಸಿ ಕಟ್ಟು ಹಾಕಿಸಿದರು. ಕುಂಚ ಹಿಡಿದವನೂ ಮಗ್ಗ ಹಿಡಿದವನೂ ಒಂದೇ ರೈಲು ಹಳಿಯ ಮೇಲೆ ಹೋಗಿದ್ದರು. ಇಂದಿಗೂ ನಮ್ಮ ಸೀಮೆಯ ಜನ ಮುಂಬಯಿ, ಪುಣೆಗಳಿಗೆ ಗುಳೆ ಹೋಗುವುದು ನಿಂತಿಲ್ಲ.

ಈ ಕಲೆಯನ್ನು ಅಗ್ಗವೆಂದು ಜರಿಯುವವರಿದ್ದಾರೆ. ದೇವರಿಗೆ ಸಿನಿಮಾ ನಟರ ಮುಖ, ವ್ಯಾಪಾರಕ್ಕಾಗಿ ಬರೆದದ್ದು ಎನ್ನುತ್ತಾರೆ. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಗುಡಿಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಮನೆಗೂ ದೇವರು ಬಂದದ್ದು ಅಚ್ಚಿನ ಕಾಗದದ ಮೇಲೆಯೇ. ಮರಾಠಿ ಮನೆಯಲ್ಲಿಯೂ ಕನ್ನಡ ಮನೆಯಲ್ಲಿಯೂ ಒಂದೇ ಚಿತ್ರಕ್ಕೆ ಊದುಬತ್ತಿ ಬೆಳಗಿತು. ಎಲ್ಲರಿಗೂ ಸೇರಿದ ಪರಂಪರೆಯೆಂದರೆ ಇದಲ್ಲವೆ?

ದೂರದ ಪಶ್ಚಿಮ ಆಫ್ರಿಕೆಯ ಉದಾಹರಣೆಯೊಂದನ್ನು ಹೇಳುತ್ತೇನೆ. ನೈಜೀರಿಯಾದ ಬೆನ್ ಎನ್ವೊನ್ವು ಪಂಡಿತರಿಗಿಂತ ಒಂದೇ ವರ್ಷ ಕಿರಿಯರು. 1917ರಲ್ಲಿ ಹುಟ್ಟಿ 1994ರಲ್ಲಿ ಕಾಲವಾದರು. ಅವರೂ ಊರು ಬಿಟ್ಟು ಲಂಡನ್ನಿನಲ್ಲಿ ಕಲಿತವರು. ಬಯಾಫ್ರಾ ಅಂತರ್ಯುದ್ಧ 1970ರಲ್ಲಿ ಮುಗಿದು ದೇಶ ಒಡೆದ ಮನಸ್ಸಿನಿಂದ ನರಳುತ್ತಿದ್ದಾಗ, ಇಗ್ಬೊ ಜನಾಂಗದ ಈ ಕಲಾವಿದ ಯೊರೂಬಾ ರಾಜಮನೆತನದ ಯುವತಿಯೊಬ್ಬಳ ಚಿತ್ರ ಬರೆದರು. ಅದೇ 'ಟುಟು'. ಮೂಲ ಚಿತ್ರ ದಶಕಗಳ ಕಾಲ ಕಣ್ಮರೆಯಾಗಿತ್ತು. 1974ರ ಒಂದು ಪ್ರತಿ 2017ರಲ್ಲಿ ಲಂಡನ್ನಿನ ಮನೆಯೊಂದರಲ್ಲಿ ಸಿಕ್ಕಿತು. 2018ರಲ್ಲಿ 12 ಲಕ್ಷ ಪೌಂಡಿಗೂ ಮಿಕ್ಕಿ ಹರಾಜಾಯಿತು. ಅಲ್ಲಿಯವರೆಗೆ ಆ ಮುಖವನ್ನು ಕಾಪಾಡಿದ್ದು ನೈಜೀರಿಯಾದ ಸಾಮಾನ್ಯರ ಗೋಡೆಗಳ ಮೇಲಿದ್ದ ಅಗ್ಗದ ಅಚ್ಚುಪ್ರತಿಗಳು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೇ: ರಂಗಮಂದಿರಕ್ಕೆ ಹೆಸರಿಟ್ಟರೆ ಕಲಾವಿದನ ಋಣ ತೀರುವುದಿಲ್ಲ. ಅವನ ಚಿತ್ರಗಳು ಜನರ ಮನೆಗಳಲ್ಲಿವೆ. ಅವುಗಳನ್ನು ಉಳಿಸುವ ಹೊಣೆಯೂ ಜನರದ್ದೇ. ಹಳೆಯ ಮನೆ ಕೆಡವುವ ಮೊದಲು ಗೋಡೆಯ ಮೇಲೊಮ್ಮೆ ಕಣ್ಣಾಡಿಸಿರಿ. ಸಹಿಯಿದ್ದರೆ ಓದಿರಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿರಿ. ಚಿತ್ರವನ್ನು ಯಾರು, ಎಲ್ಲಿಂದ ತಂದರೆಂದು ಮನೆಯ ಹಿರಿಯರನ್ನು ಕೇಳಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿರಿ. ಹಿರಿಯರು ಹೋದ ಮೇಲೆ ಹೇಳುವವರು ಇರುವುದಿಲ್ಲ.

ಇದನ್ನು ಹೇಳುವ ಅಧಿಕಾರ ನನಗಿದೆಯೇ ಎಂಬ ಅಳುಕೂ ಇದೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ಬೋರ್ಡ್ ಬರೆಯುವವರ ಮಗನೊಬ್ಬ ನೋಟುಬುಕ್ಕಿನ ಕೊನೆಯ ಪುಟದಲ್ಲಿ ಲಕ್ಷ್ಮಿಯ ಚಿತ್ರ ಬಿಡಿಸಿ ತಂದು ತೋರಿಸಿದ್ದ. "ಇದೇನು, ಕ್ಯಾಲೆಂಡರ್ ಚಿತ್ರ! ಪಾಠ ಓದು ಹೋಗು" ಎಂದೆ. ತರಗತಿಯೆಲ್ಲ ನಕ್ಕಿತು. ಅವನು ಮತ್ತೆಂದೂ ನನಗೆ ಚಿತ್ರ ತೋರಿಸಲಿಲ್ಲ. ಹತ್ತನೆಯ ತರಗತಿಯ ನಂತರ ಪುಣೆಗೆ ದುಡಿಯಲು ಹೋದನೆಂದು ಕೇಳಿದ್ದೇನೆ. ಈ ಬರಹ ಅವನ ಕಣ್ಣಿಗೆ ಬಿದ್ದರೆ, ಅಂದು ತಪ್ಪಿದ್ದು ಅವನ ಚಿತ್ರವಲ್ಲ, ನನ್ನ ಮಾತು ಎಂದು ತಿಳಿಯಲಿ.

ನಮ್ಮ ರಾಧಾಕೃಷ್ಣರು ಈಗ ಕಲಬುರಗಿಯ ಮನೆಯಲ್ಲಿ, ನನ್ನ ಓದುವ ಮೇಜಿನ ಎದುರು ಇದ್ದಾರೆ. ಬಂದವರು ನೋಡಿರಿ.

ಇಂತಿ ನಿಮ್ಮ ಮಾಸ್ತರ