ಸರ್ವಋತು ಟೈರಿನ ವಿಚಾರ

ನಮ್ಮ ಪಕ್ಕದ ಮನೆಯ ರಾಯರು ಯಾವುದನ್ನೂ ಅವಸರದಲ್ಲಿ ಕೊಂಡವರಲ್ಲ. ಒಂದು ಕೊಡೆ ಬೇಕಾದರೂ ಮೂರು ಅಂಗಡಿ ಸುತ್ತಿ, ನಾಲ್ಕನೆಯದರಲ್ಲಿ ಬಿಚ್ಚಿ ನೋಡಿ, ಕೊನೆಗೆ ಹಳೆಯ ಕೊಡೆಗೇ ಕಡ್ಡಿ ಹಾಕಿಸಿಕೊಂಡು ಬರುವ ಸ್ವಭಾವ ಅವರದು. ಅಂಥವರು ಮೇ ತಿಂಗಳ ಕೊನೆಯ ಭಾನುವಾರ ಬೆಳಗ್ಗೆ, ನಾನಿನ್ನೂ ಕಾಫಿಯ ಲೋಟ ಕೆಳಗಿಡುವ ಮೊದಲೇ ಬಂದು, “ಸ್ವಾಮಿ, ಈ ಸರ್ವಋತು ಟೈರು ಎಂಬುದು ಏನು? ನಮ್ಮ ಬೆಂಗಳೂರಿನಲ್ಲಿ ಎಲ್ಲಿ ಸಿಕ್ಕೀತು?” ಎಂದು ಕೇಳಿದರು.

ವಿಷಯ ಹೀಗಿತ್ತು. ರಾಯರ ಮಗಳನ್ನು ಪುತ್ತೂರಿಗೆ ಕೊಟ್ಟಿದೆ. ಚೊಚ್ಚಲ ಬಸುರಿ; ಏಳನೆಯ ತಿಂಗಳು. ಆಷಾಢ ಹುಟ್ಟುವುದರೊಳಗೆ ಸೀಮಂತ ಮುಗಿಸಿ ತವರಿಗೆ ಕರೆತರಬೇಕು. ಅಂದರೆ ಜೂನ್ ತಿಂಗಳ ಮೂರನೆಯ ವಾರ, ಮುಂಗಾರಿನ ನಡುವೆ, ಶಿರಾಡಿ ಘಟ್ಟವನ್ನು ಇಳಿದು ಮತ್ತೆ ಹತ್ತಬೇಕು. ಮಗನಿರುವುದು ಜರ್ಮನಿಯ ಮ್ಯೂನಿಕ್ ನಗರದಲ್ಲಿ. ಅವನು ಅಲ್ಲಿಂದ ಫೋನು ಮಾಡಿ, “ಅಪ್ಪಾ, ಆಲ್ ಸೀಸನ್ ಟೈರು ಹಾಕಿಸದೆ ಘಟ್ಟ ಹತ್ತಬೇಡಿ. ಮಗ್ಗುಲಲ್ಲಿ ಬೆಟ್ಟದ ಗುರುತು ಇದೆಯೇ ನೋಡಿ ಕೊಳ್ಳಿ” ಎಂದಿದ್ದನಂತೆ. ರಾಯರು ಎರಡು ಅಂಗಡಿಗಳಲ್ಲಿ ವಿಚಾರಿಸಿದರು. ಮೊದಲನೆಯವನು, “ನಮ್ಮಲ್ಲಿರೋದೆಲ್ಲಾ ಆಲ್ ಸೀಸನ್ನೇ ಸಾರ್” ಎಂದ. ಎರಡನೆಯವನು, “ಅಂಥದ್ದು ಇಂಡಿಯಾದಲ್ಲಿ ಬರಲ್ಲ ಸಾರ್” ಎಂದ. ಇಬ್ಬರಲ್ಲಿ ಯಾರು ಸುಳ್ಳುಗಾರರು ಎಂಬುದೇ ರಾಯರ ಪ್ರಶ್ನೆ.

ಇಬ್ಬರೂ ಅಲ್ಲ. ಋತುಗಳು ಬೇರೆ, ಅಷ್ಟೆ.

ರಬ್ಬರು ಚಳಿಗೆ ಗಟ್ಟಿಯಾಗುತ್ತದೆ, ಬಿಸಿಲಿಗೆ ಮೆತ್ತಗಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತ ಗಂಧಕವನ್ನು ಬೆರೆಸಿ ಕಾಯಿಸುವ ಉಪಾಯವನ್ನು ಕಂಡುಕೊಳ್ಳುವ ತನಕ ಈ ಗುಣ ರಬ್ಬರಿಗೆ ಶಾಪವೇ ಆಗಿತ್ತು. ಆ ಶಾಪ ಇಂದಿಗೂ ಪೂರ್ತಿ ವಿಮೋಚನೆಯಾಗಿಲ್ಲ. ಯುರೋಪಿನಲ್ಲಿ ಹವೆ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಗೆಯ ಟೈರು ಬಿಗಿದುಕೊಂಡು ರಸ್ತೆಯನ್ನು ಹಿಡಿಯಲಾರದು. ಆದುದರಿಂದ ಅಲ್ಲಿಯವರು ಚಳಿಗಾಲಕ್ಕೆಂದು ಮೆತ್ತನೆಯ ರಬ್ಬರಿನ, ಮೈತುಂಬ ಸಣ್ಣ ಸಣ್ಣ ಸೀಳುಗಳಿರುವ ಇನ್ನೊಂದು ಜೊತೆ ಟೈರು ಇಟ್ಟುಕೊಂಡು, ವರ್ಷಕ್ಕೆರಡು ಬಾರಿ ಬದಲಾಯಿಸುತ್ತಾರೆ. ನಾವು ಚಳಿಗೆ ಪೆಟ್ಟಿಗೆಯಿಂದ ಶಾಲು ತೆಗೆಯುವಂತೆಯೇ! ಈ ಬದಲಾವಣೆಯ ರೇಜಿಗೆ ತಪ್ಪಲೆಂದು ಎರಡಕ್ಕೂ ನಡುವಣ ರಬ್ಬರಿನಿಂದ ಮಾಡಿದ್ದೇ ಸರ್ವಋತು ಟೈರು. 1977ರಲ್ಲಿ ಗುಡ್‌ಇಯರ್ ಕಂಪನಿಯವರು ಅಮೆರಿಕದಲ್ಲಿ ಇಂಥ ರೇಡಿಯಲ್ ಟೈರನ್ನು ಮಾರಾಟಕ್ಕೆ ತಂದ ಮೇಲೆ ಆ ಹೆಸರು ಮನೆಮಾತಾಯಿತು. ಹಿಮದ ಮೇಲೆ ಪರೀಕ್ಷಿಸಿ ತೇರ್ಗಡೆಯಾದ ಟೈರಿಗೆ ಮೂರು ಶಿಖರಗಳ ಬೆಟ್ಟದೊಳಗೆ ಒಂದು ಹಿಮದ ಹರಳನ್ನು ಚಿತ್ರಿಸಿದ ಮುದ್ರೆ ಬೀಳುತ್ತದೆ. ಜರ್ಮನಿಯಲ್ಲಿ ರಸ್ತೆಯ ಮೇಲೆ ಹಿಮ ಬಿದ್ದಿರುವಾಗ ಚಳಿಗಾಲಕ್ಕೆ ತಕ್ಕ ಟೈರಿಲ್ಲದೆ ಕಾರು ಓಡಿಸುವುದು ಅಪರಾಧ. 2024ರ ಅಕ್ಟೋಬರಿನಿಂದ ಈಚೆಗೆ ಈ ಬೆಟ್ಟದ ಮುದ್ರೆಯಿರುವ ಟೈರು ಮಾತ್ರ ಅಲ್ಲಿ ಆ ಲೆಕ್ಕಕ್ಕೆ ಸಲ್ಲುತ್ತದೆ. ರಾಯರ ಮಗ ತಾನು ನಿತ್ಯ ಕಾಣುವುದನ್ನು ಹೇಳಿದ. ಅವನ ತಪ್ಪೇನೂ ಇಲ್ಲ.

ಆದರೆ ನಮ್ಮ ಊರಿನ ಚಳಿ ಎಷ್ಟು? ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಅಂದರೆ ಆ ದಾಖಲೆಯ ಚಳಿಯಲ್ಲಿಯೂ ಬೇಸಗೆಯ ಟೈರು ತನ್ನ ಕೆಲಸ ಬಿಡುತ್ತಿರಲಿಲ್ಲ. ಇತ್ತ ಕಲಬುರಗಿ, ರಾಯಚೂರುಗಳ ಬೇಸಗೆ ನೋಡಿ: 40 ಡಿಗ್ರಿ ದಾಟುವುದು ವರ್ಷವರ್ಷದ ಮಾತು, ಡಾಂಬರು ಅದಕ್ಕಿಂತಲೂ ಕಾದಿರುತ್ತದೆ. ಹಿಮಕ್ಕೆಂದು ಹದಮಾಡಿದ ಮೆತ್ತನೆಯ ರಬ್ಬರು ಆ ರಸ್ತೆಯಲ್ಲಿ ಸಾಬೂನಿನಂತೆ ಸವೆದೀತು. ಬ್ರೇಕು ಹಾಕಿದರೆ ಗಾಡಿ ನಿಲ್ಲಲು ಹೆಚ್ಚು ದೂರ ತೆಗೆದುಕೊಂಡೀತು. ನಮ್ಮ ದೇಶದ ಕಾರುಗಳಿಗೆ ಸಾಮಾನ್ಯವಾಗಿ ಮಾರುವ ಟೈರು ಬಿಸಿಲಿಗೂ ಮಳೆಗೂ ಎಂದು ಮಾಡಿದ್ದು. ನಮ್ಮ ಸರ್ವಋತು ಎಂದರೆ ಅಷ್ಟೇ. ಮೊದಲನೆಯ ಅಂಗಡಿಯವನು ಹೇಳಿದ್ದೂ ಅದನ್ನೇ. ಕಾಶ್ಮೀರದಲ್ಲಿಯೋ ಹಿಮಾಚಲದ ಎತ್ತರದಲ್ಲಿಯೋ ಮನೆಯಿದ್ದವರ ಮಾತು ಬೇರೆ.

ಇಷ್ಟು ಕೇಳಿ ರಾಯರ ಮುಖ ಅರಳಿತು. “ಹಾಗಾದರೆ ಇರುವ ಟೈರೇ ಸಾಕಲ್ಲವೇ? ಬಟನ್ನು ಹಾಗೆಯೇ ಇದೆ” ಎಂದರು. ನಾಲ್ಕು ಟೈರಿಗೆ ಇಪ್ಪತ್ತು ಸಾವಿರ ರೂಪಾಯಿಯ ಮೇಲೆ ಬೀಳುವುದು. ಬಾಣಂತನದ ಖರ್ಚು ಬೇರೆ ಮುಂದಿದೆ. ಅವರ ಸಂತೋಷ ನನಗೆ ಅರ್ಥವಾಗದ್ದಲ್ಲ. ಆದರೂ, “ಬನ್ನಿ, ಒಮ್ಮೆ ನೋಡಿಯೇ ಬಿಡೋಣ” ಎಂದು ಎಬ್ಬಿಸಿಕೊಂಡು ಹೊರಟೆ.

ಇದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾನು ಇಂಥದೇ ಲೆಕ್ಕಾಚಾರ ಮಾಡಿ, ಒಂದು ಅಂಗಡಿಯಲ್ಲಿ ಕಪ್ಪು ಬಣ್ಣ ಹೊಡೆದು ಹೊಳಪು ಮಾಡಿಟ್ಟಿದ್ದ ಬಳಸಿದ ಟೈರುಗಳನ್ನು ಅರ್ಧ ಬೆಲೆಗೆ ಹಾಕಿಸಿದ್ದೆ. ಮಳೆಗಾಲದಲ್ಲಿ ಧರ್ಮಸ್ಥಳಕ್ಕೆಂದು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ, ಒಂದು ತಿರುವಿನಲ್ಲಿ ಬ್ರೇಕು ಒತ್ತಿದರೆ ಗಾಡಿ ನಿಲ್ಲಲಿಲ್ಲ; ಹಿಂಭಾಗ ತಾನಾಗಿಯೇ ಬಳಸಿಕೊಂಡು ಬಂದಿತು. ಸ್ಟೀಯರಿಂಗು ನನ್ನ ಕೈಯಲ್ಲಿತ್ತು, ಕಾರು ನನ್ನ ಕೈಯಲ್ಲಿರಲಿಲ್ಲ. ದೈವವಶಾತ್ ಅದು ಜಾರಿದ್ದು ಬೆಟ್ಟದ ಕಡೆಯ ಚರಂಡಿಗೆ. ಎದುರಿನ ಮಗ್ಗುಲಲ್ಲಿ ಏನಿತ್ತೆಂಬುದನ್ನು ಆ ರಸ್ತೆ ಬಲ್ಲವರಿಗೆ ಹೇಳಬೇಕಾಗಿಲ್ಲ. ನಮ್ಮ ಮನೆಯಾಕೆ ಒಂದು ಮಾತನ್ನೂ ಆಡಲಿಲ್ಲ. ಉಜಿರೆ ಸೇರುವ ತನಕ ಮಗುವಿನ ತಲೆಯನ್ನು ಎದೆಗೊತ್ತಿಕೊಂಡೇ ಕುಳಿತಿದ್ದಳು. ಆ ಮೌನವನ್ನು ನಾನು ಇನ್ನೂ ಮರೆತಿಲ್ಲ.

ರಾಯರ ಕಾರಿನ ಬಳಿ ಕುಳಿತು ಟೈರಿನ ಜಾತಕವನ್ನು ಓದಿದೆವು. ಓದುಗರೂ ತಮ್ಮ ಕಾರಿನ ಬಳಿ ಹೀಗೆ ಒಮ್ಮೆ ಕುಳಿತು ನೋಡಬಹುದು. ಮಗ್ಗುಲಲ್ಲಿ 185/65 ಆರ್ 15 88ಎಚ್ ಎಂದಿತ್ತು. ಟೈರಿನ ಅಗಲ 185 ಮಿಲಿಮೀಟರು. ಮಗ್ಗುಲಿನ ಎತ್ತರ ಆ ಅಗಲದ ನೂರಕ್ಕೆ 65 ಪಾಲು. ಆರ್ ಎಂದರೆ ರೇಡಿಯಲ್. ಕೂರುವ ಚಕ್ರದ ಅಡ್ಡಳತೆ 15 ಅಂಗುಲ. 88 ಎಂಬುದು ತೂಕದ ಗುರುತು: ಒಂದು ಟೈರು 560 ಕಿಲೋಗ್ರಾಮಿನ ತನಕ ಹೊರಬಲ್ಲದು. ಎಚ್ ಎಂಬುದು ವೇಗದ ಗುರುತು: ಗಂಟೆಗೆ 210 ಕಿಲೋಮೀಟರಿನ ತನಕ. ಅಷ್ಟು ವೇಗದಲ್ಲಿ ಹೋಗಿ ಎಂದು ಇದರ ಅರ್ಥವಲ್ಲವೆಂಬುದನ್ನು ಮನೆಯಲ್ಲಿ ತರುಣರಿದ್ದರೆ ತಿಳಿಯಹೇಳಬೇಕು. ಇವೇ ಅಂಕಿಗಳು ಚಾಲಕನ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿಯೋ ಕಾರಿನ ಕೈಪಿಡಿಯಲ್ಲಿಯೋ ಇರುತ್ತವೆ. ಹೊಸ ಟೈರು ಆ ಅಳತೆಯದೇ ಆಗಿರಬೇಕು. ತೂಕ ಮತ್ತು ವೇಗದ ಗುರುತು ಅದಕ್ಕಿಂತ ಕಡಿಮೆಯಾಗಕೂಡದು. ಅಗಲವಾದ ಟೈರು ಹಾಕಿಸಿದರೆ ಕಾರಿಗೆ ಠೀವಿ ಬರುವುದೆಂದು ಅಂಗಡಿಯಲ್ಲಿ ಹೇಳುವುದುಂಟು. ಠೀವಿ ಬಂದೀತು. ಆದರೆ ಅಗಲ ಹೆಚ್ಚಿದಷ್ಟೂ ನಿಂತ ನೀರಿನ ಮೇಲೆ ತೇಲುವ ಸಂಭವವೂ ಹೆಚ್ಚು, ಪೆಟ್ರೋಲಂತೂ ಉಳಿಯುವುದಿಲ್ಲ.

ಜಾತಕದಲ್ಲಿ ಜನ್ಮದಿನವೂ ಇರುತ್ತದೆ. ಬಹುಮಂದಿ ನೋಡದೆ ಬಿಡುವುದು ಅದನ್ನೇ. ಒಂದು ಸಣ್ಣ ಗೂಡಿನಲ್ಲಿ ನಾಲ್ಕು ಅಂಕಿಗಳು. ರಾಯರ ಟೈರಿನ ಮೇಲೆ 1118 ಎಂದಿತ್ತು. 2018ರ ಹನ್ನೊಂದನೆಯ ವಾರದಲ್ಲಿ ಹುಟ್ಟಿದ್ದು. ರಾಯರ ಕಾರು ದೇವಸ್ಥಾನ, ತರಕಾರಿ ಅಂಗಡಿ, ಬ್ಯಾಂಕು ಬಿಟ್ಟು ಹೆಚ್ಚು ಓಡಿದ್ದಲ್ಲ. ಬಟನ್ನು ಸವೆಯದಿದ್ದುದು ಅದರಿಂದಲೇ. ಆದರೆ ನಿಂತಲ್ಲೇ ನಿಂತಿದ್ದರೂ ರಬ್ಬರು ಬಿಸಿಲಿಗೂ ಗಾಳಿಗೂ ಮುಪ್ಪಾಗುತ್ತದೆ. ಗೀರುಗಳ ಬುಡದಲ್ಲಿಯೂ ಮಗ್ಗುಲಲ್ಲಿಯೂ ಕೂದಲೆಳೆಯಂಥ ಬಿರುಕುಗಳು ಕಂಡವು. ಉಗುರಿನಿಂದ ಒತ್ತಿದರೆ ಕಲ್ಲು ಒತ್ತಿದಂತೆ. ಐದು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು, ಹತ್ತು ವರ್ಷವಾದರೆ ಹೇಗಿದ್ದರೂ ತೆಗೆಯಬೇಕು ಎಂಬುದು ಹಲವು ತಯಾರಕರ ಸಲಹೆ. ಆರು ವರ್ಷಕ್ಕೇ ತೆಗೆಯಿರಿ ಎನ್ನುವ ಕಾರು ಕಂಪನಿಗಳೂ ಉಂಟು. ನಮ್ಮ ಬಿಸಿಲಿಗೆ ಆ ಆರರ ಮಾತೇ ಮೇಲೆಂದು ನನ್ನ ಅಭಿಪ್ರಾಯ.

ಇನ್ನು ಬಟನ್ನಿನ ವಿಚಾರ. ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದ ಟೈರಿನಲ್ಲಿ ಕಾರು ಓಡಿಸುವುದು ನಮ್ಮ ಮೋಟಾರು ವಾಹನ ನಿಯಮಗಳಿಗೆ ವಿರುದ್ಧ. ಅದನ್ನು ಅಳೆಯಲು ಯಾವ ಉಪಕರಣವೂ ಬೇಡ. ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಂಡುಗಳಿರುತ್ತವೆ. ಮೇಲಿನ ರಬ್ಬರು ಸವೆದು ಅವುಗಳ ಸಮಕ್ಕೆ ಬಂದರೆ ಆಯುಸ್ಸು ಮುಗಿಯಿತು. ಆದರೆ ಮಳೆ ಕಾನೂನಿಗಾಗಿ ಕಾಯುವುದಿಲ್ಲ. 3 ಮಿಲಿಮೀಟರಿನ ಕೆಳಗಿಳಿದಂತೆಯೇ ಒದ್ದೆ ರಸ್ತೆಯಲ್ಲಿ ಹಿಡಿತ ಬೇಗ ಬೇಗ ಕುಗ್ಗುತ್ತದೆ. ಗೀರುಗಳಿರುವುದು ಅಂದಕ್ಕಲ್ಲ, ನೀರನ್ನು ಹೊರಗೆ ಹರಿಸುವುದಕ್ಕೆ. ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಸುಮಾರು ನಮ್ಮ ಅಂಗೈಯಷ್ಟು ಜಾಗದಲ್ಲಿ. ಆ ನಾಲ್ಕು ಅಂಗೈಗಳ ಕೆಳಗಿನ ನೀರು ಹೊರಬೀಳದೆ ಉಳಿದರೆ, ಕಾರು ರಸ್ತೆಯ ಮೇಲಲ್ಲ, ನೀರಿನ ಮೇಲೆ ಹೋಗುತ್ತಿರುತ್ತದೆ. ವಿಮಾನದ ಚಕ್ರಗಳ ಮೇಲೆ ಅಮೆರಿಕದ ನಾಸಾ ಸಂಸ್ಥೆಯವರು ನಡೆಸಿದ ಪ್ರಯೋಗಗಳಿಂದ ದೊರೆತ ಲೆಕ್ಕದ ಪ್ರಕಾರ, ಗೀರುಗಳಿಗೆ ಮೀರಿದ ನೀರು ನಿಂತಿದ್ದರೆ, 32 ಪೌಂಡು ಗಾಳಿಯಿರುವ ಟೈರು ಗಂಟೆಗೆ ಸುಮಾರು 94 ಕಿಲೋಮೀಟರು ವೇಗದಲ್ಲಿ ತೇಲಲಾರಂಭಿಸುತ್ತದೆ. ಗಾಳಿ 25 ಪೌಂಡಿಗೆ ಇಳಿದಿದ್ದರೆ 83ಕ್ಕೇ. ಹೊಸ ಟೈರಿನ ಗೀರನ್ನು ಮೀರಲು ಬಹಳ ನೀರು ಬೇಕು, ಬೋಳು ಟೈರಿಗೆ ಒಂದು ತೆಳುಪದರ ಸಾಕು. ಘಟ್ಟದಲ್ಲಿ ಅಷ್ಟು ವೇಗ ಯಾರಿಗೂ ಸಾಧ್ಯವಿಲ್ಲ. ಅಲ್ಲಿ ತಿರುವಿನಲ್ಲಿ ಜಾರುವ ಭಯ. ಆದರೆ ನೆಲಮಂಗಲದಿಂದ ಹಾಸನದ ತನಕ ರಸ್ತೆ ಅಗಲವಾಗಿದೆ. ತೇಲುವ ಭಯ ಅಲ್ಲಿಯೇ.

ರಾಯರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಒಂದು ರಾಜಿಯ ಸೂತ್ರ ಹೂಡಿದರು: “ಎರಡನ್ನು ಮಾತ್ರ ಹೊಸದು ಹಾಕಿಸಿ, ಮುಂದಕ್ಕೆ ಕೂರಿಸಿದರೆ?” ನೂರಕ್ಕೆ ತೊಂಬತ್ತು ಮಂದಿ ಹೀಗೆಯೇ ಯೋಚಿಸುತ್ತಾರೆ, ಮುಂದಿನ ಗಾಲಿಯಲ್ಲವೇ ತಿರುಗುವುದು, ಎಳೆಯುವುದು ಎಂದು. ಆದರೆ ತಯಾರಕರು ಹೇಳುವುದು ಇದಕ್ಕೆ ತದ್ವಿರುದ್ಧ: ಎರಡೇ ಹೊಸದಾದರೆ ಅವು ಹಿಂದಕ್ಕೆ ಹೋಗಬೇಕು. ಮುಂದಿನ ಗಾಲಿ ಜಾರಿದರೆ ಸ್ಟೀಯರಿಂಗಿಗೆ ಗೊತ್ತಾಗುತ್ತದೆ. ಕಾಲು ಸಡಿಲಿಸಿದರೆ ಹೆಚ್ಚಾಗಿ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಗಾಡಿ ಬುಗುರಿಯಂತೆ ತಿರುಗುತ್ತದೆ. ಸಾಮಾನ್ಯ ಚಾಲಕನಿಗೆ ಮತ್ತೆ ಹತೋಟಿ ಸಿಕ್ಕುವುದು ಕಷ್ಟ. ಚಾರ್ಮಾಡಿಯಲ್ಲಿ ನನಗಾದದ್ದು ಅದೇ. ಆದರೆ ರಾಯರ ವಿಷಯದಲ್ಲಿ ನಾಲ್ಕಕ್ಕೂ ಒಂದೇ ವಯಸ್ಸು, ಒಂದೇ ಬಿರುಕು. ಅಲ್ಲಿ ರಾಜಿಗೆ ಎಡೆಯಿರಲಿಲ್ಲ. ಅವರ ಮನೆಯವರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದವರು, “ನನ್ನ ಚೀಟಿಯ ದುಡ್ಡು ಬಂದಿದೆ, ತೆಗೆದುಕೊಳ್ಳಿ” ಎಂದಷ್ಟೇ ಹೇಳಿ ಒಳಗೆ ಹೋದರು. ಅಲ್ಲಿಗೆ ತೀರ್ಮಾನವಾಯಿತು.

ಅಂಗಡಿಯಲ್ಲಿ ನಾವು ಕೇಳಿದ್ದು ಹೆಚ್ಚೇನಲ್ಲ. ಐ.ಎಸ್.ಐ. ಮುದ್ರೆ ಇರಬೇಕು, ಹುಟ್ಟಿ ವರ್ಷ ದಾಟಿರಬಾರದು, ನಾಲ್ಕೂ ಒಂದೇ ಮಾದರಿಯಾಗಿರಬೇಕು, ಒದ್ದೆ ರಸ್ತೆಯ ಹಿಡಿತಕ್ಕೆ ಹೆಸರಾಗಿರಬೇಕು. ಟೈರಿನ ಮೇಲೆ ಅಂಟಿಸುವ ನಕ್ಷತ್ರಗಳ ಚೀಟಿಯನ್ನು ನೋಡಿ ಮಾರುಹೋಗಬೇಡಿ; ಅದು ಮುಖ್ಯವಾಗಿ ಪೆಟ್ರೋಲಿನ ಉಳಿತಾಯದ ಲೆಕ್ಕ, ಮಳೆಯ ಹಿಡಿತದ್ದಲ್ಲ. ಬೆಲೆಯಲ್ಲಿ ಮಧ್ಯಮದ್ದನ್ನು ಆರಿಸಿದೆವು. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸುವುದು ಅವಶ್ಯ. ನೈಟ್ರೋಜನ್ ತುಂಬುವ ಮಾತೂ ಬಂದಿತು. ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ ಎಂದು ನಾನು ಹೇಳಿದಾಗ ರಾಯರಿಗೆ ಬಹಳ ಸಂತೋಷವಾಯಿತು. ಬಾಗಿಲಿನ ಚೀಟಿಯಲ್ಲಿದ್ದಷ್ಟು ಗಾಳಿ, ತಿಂಗಳಿಗೊಮ್ಮೆ, ಗಾಡಿ ಓಡುವ ಮೊದಲು ಟೈರು ತಣ್ಣಗಿರುವಾಗ ನೋಡಿಸಿದರೆ ಸಾಕು.

ರಾಯರು ಪುತ್ತೂರಿಗೆ ಹೋಗಿ ಬಂದರು. ಸಕಲೇಶಪುರದಿಂದ ಗುಂಡ್ಯದ ತನಕ ಎದುರಿನ ಲಾರಿ ಕಾಣದಂಥ ಮಳೆಯಂತೆ. ಬರುವಾಗ ಒಂದು ತಿರುವಿನಲ್ಲಿ ಮುಂದಿದ್ದ ಬಸ್ಸು ಹಠಾತ್ತನೆ ನಿಂತಿತು, ಇವರ ಕಾರೂ ನಿಂತಿತು. ಅಷ್ಟೇ ಹೇಳಿದರು. ಮಗಳು ಈಗ ನಮ್ಮ ಮನೆಯ ಮಾವಿನ ಮಿಡಿ ಉಪ್ಪಿನಕಾಯಿಗೆ ಆಗಾಗ ಬಂದು ಹೋಗುತ್ತಿದ್ದಾಳೆ. ಮೊನ್ನೆ ಹಾಗೆ ಬಂದವಳು, “ಮಾವ, ಅಪ್ಪ ನಾಲ್ಕು ಟೈರು ಹಾಕಿಸಿದ್ದೇನೋ ಸರಿ. ಸ್ಟೆಪ್ನಿ ನೋಡಿದಿರಾ?” ಎಂದು ಕೇಳಿದಳು. ನಾನೂ ರಾಯರೂ ಮುಖಮುಖ ನೋಡಿಕೊಂಡು ಹೋಗಿ ಡಿಕ್ಕಿ ತೆರೆದೆವು. ಅದರ ಮೇಲೆ 0918 ಎಂದಿತ್ತು. ಗಾಳಿ ಎಂಟು ಪೌಂಡು.