ಆಟ ಬೇಕು, ಆರ್ಲೆ ಬೇಡ್ವಾ?

ಅಲ್ರೀ, ಇದ್ಯಾವ ನ್ಯಾಯ? ಜಪಾನಿನ ಕಂಪೈಲ್ ಕಂಪನಿ ಮಾಡಿದ 'ಪುಯೊ ಪುಯೊ' 1992ರಲ್ಲಿ ಆರ್ಕೇಡಿಗೆ ಬಂತು. ಮೇಲಿಂದ ಬಣ್ಣದ ಮುದ್ದೆಗಳು ಬೀಳ್ತವೆ. ಒಂದೇ ಬಣ್ಣದ ನಾಲ್ಕು ಕೂಡಿದ್ರೆ ಮಾಯ, ಸರಪಳಿ ಹೆಣೆದ್ರೆ ಎದುರಾಳಿ ತಲೆ ಮೇಲೆ ಕಸದ ಮಳೆ! ನಾಯಕಿ ಆರ್ಲೆ ಅನ್ನೋ ಹುಡುಗಿ.

ಅದೇ ಆಟ ಅಮೆರಿಕದ ಮನೆಗಳ ಟೀವಿಗೆ ಹೊರಟಾಗ 1993ರಲ್ಲಿ ಸೆಗಾ ಆಕೆಯನ್ನ ಕಿತ್ತು, ಸೋನಿಕ್ ಆಟದ ಖಳ ರೊಬಾಟ್ನಿಕ್‌ನನ್ನ ಕೂರಿಸ್ತು. 1995ರಲ್ಲಿ ನಿಂಟೆಂಡೊ ಕಿರ್ಬಿಯನ್ನ ಕೂರಿಸ್ತು. "ಗೊತ್ತಿರೋ ಮುಖ ಇದ್ರೇನೇ ಮಾರೋದು" ಅಂತೀರಾ? ರೊಬಾಟ್ನಿಕ್ ಹುಟ್ಟಿದ್ದು 1991ರಲ್ಲಿ, ಕಿರ್ಬಿ 1992ರಲ್ಲಿ. ಆರ್ಲೆ ಇಬ್ಬರಿಗಿಂತ ಹಳಬಳು! ಪರಿಚಯವನ್ನೇ ಮಾಡಿಸದೆ ಗುರುತು ಸಿಗೋದು ಹೇಗೆ ಸ್ವಾಮಿ?

2017ರಲ್ಲಿ ಅಲ್ಲೇ 'ಪುಯೊ ಪುಯೊ ಟೆಟ್ರಿಸ್' ಬಂತು. ಹೆಸರೂ ಅದೇ, ಆರ್ಲೆಯೂ ಇದ್ಲು. ಆಕಾಶವೇನೂ ಕಳಚಿ ಬೀಳಲಿಲ್ಲ. ಮುದ್ದೆ ರುಚಿಸಿದ್ಮೇಲೆ ಬಡಿಸಿದವಳ ಹೆಸರು ಹೇಳೋಕೇನು ಕಷ್ಟ? ಏನಂತೀರಿ?